‘ಇತರೆ’ ಎಂಬ ಸಾಲು: ಎಕ್ಸ್‌ಬಿಆರ್‌ಎಲ್ ಪದಕೋಶದ ಒಂದು ತೊಡಕು

ಮನೆಯ ಜಮಾ-ಖರ್ಚು ಬರೆದವರಿಗೆಲ್ಲ ‘ಇತರೆ’ ಎಂಬ ಸಾಲು ಗೊತ್ತು. ಹಾಲು, ಅಕ್ಕಿ, ಕರೆಂಟ್ ಬಿಲ್ಲು, ಶಾಲೆಯ ಫೀಸು ಎಂದು ಬರೆದಾದ ಮೇಲೆ ಯಾವ ಹೆಸರಿಗೂ ಒಗ್ಗದೆ ಉಳಿದದ್ದು ಅಲ್ಲಿಗೆ ಹೋಗುತ್ತದೆ. ತಿಂಗಳ ಕೊನೆಗೆ ಲೆಕ್ಕವೇನೋ ತಾಳೆಯಾಗುತ್ತದೆ, ಆದರೆ ದುಡ್ಡು ಎಲ್ಲಿ ಹೋಯಿತೆಂದು ಕೇಳಿದರೆ ಆ ಸಾಲು ಬಾಯಿ ಬಿಡುವುದಿಲ್ಲ. ಕಂಪನಿಗಳ ಹಣಕಾಸು ವರದಿಗೆಂದೇ ಕಟ್ಟಿದ ವಿದ್ಯುನ್ಮಾನ ಭಾಷೆ ಎಕ್ಸ್‌ಬಿಆರ್‌ಎಲ್ ಕೂಡ ಎಡವುವುದು ಇದೇ ಸಾಲಿನ ಹತ್ತಿರ. ಈ ತೊಡಕಿಗೆ ಅಮೆರಿಕ, ಯುರೋಪ್, ಭಾರತ ಹಿಡಿದ ದಾರಿ ಒಂದೊಂದು ತರಹ. ಅವನ್ನು ಒಂದೆಡೆ ಇಟ್ಟು ನೋಡುವುದಷ್ಟೇ ಈ ಟಿಪ್ಪಣಿಯ ಉದ್ದೇಶ.

ಹುಟ್ಟಿನ ಸಂಗತಿ ಚಿಕ್ಕದು. 1998ರಲ್ಲಿ ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿದ್ದ ಲೆಕ್ಕಪರಿಶೋಧಕ ಚಾರ್ಲ್ಸ್ ಹಾಫ್‌ಮನ್, ಆಗಷ್ಟೇ ಬಂದಿದ್ದ ಗುರುತುಭಾಷೆ ಎಕ್ಸ್‌ಎಂಎಲ್‌ನಲ್ಲಿ ಹಣಕಾಸು ತಖ್ತೆಗಳನ್ನು ಬರೆಯಬಹುದೇ ಎಂದು ಪ್ರಯೋಗ ಮಾಡಿದರು. ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ ಎಐಸಿಪಿಎ ಬೆನ್ನಿಗೆ ನಿಂತಿತು. ಎಕ್ಸ್‌ಎಫ್‌ಆರ್‌ಎಂಎಲ್ ಎಂಬ ಬಾಯಿಗೆ ಒಗ್ಗದ ಹೆಸರು ಬಿದ್ದುಹೋಗಿ ಈಗಿನ ಹೆಸರು ನಿಂತಿತು. ಮೊದಲ ನಿರ್ದಿಷ್ಟತೆ ಹೊರಬಂದದ್ದು 2000ದ ಜುಲೈನಲ್ಲಿ. 2003ರ ಡಿಸೆಂಬರಿನ 2.1ನೇ ಆವೃತ್ತಿಯೇ ಇಂದಿಗೂ ತಳಪಾಯ. ಹೆಸರಿನ ಮೊದಲ ಅಕ್ಷರದ ಅರ್ಥ ‘ವಿಸ್ತರಿಸಬಲ್ಲ’ ಎಂದು. ತೊಡಕಿನ ಬೇರು ಆ ಅಕ್ಷರದಲ್ಲೇ ಇದೆ.

ಅದನ್ನು ಬಿಡಿಸುವ ಮೊದಲು ಈ ಭಾಷೆಯ ಒಂದು ‘ವಾಕ್ಯ’ವನ್ನು ಹತ್ತಿರದಿಂದ ನೋಡಬೇಕು. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಎಂದು ಕಲ್ಪಿಸಿಕೊಳ್ಳೋಣ. ಅದರ ಬ್ಯಾಲೆನ್ಸ್ ಶೀಟಿನಲ್ಲಿ ದಾಸ್ತಾನು 4,840 ಎಂದಿದೆ, ಮೇಲುಗಡೆ ‘ರೂ. ಲಕ್ಷಗಳಲ್ಲಿ’ ಎಂಬ ಸಣ್ಣಕ್ಷರದ ಸಾಲಿದೆ. ಓದುವ ಮನುಷ್ಯ ಎರಡನ್ನೂ ತಾನೇ ಕೂಡಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಬೇಕು. ಇದು ಪದಕೋಶದಲ್ಲಿರುವ, ಅಂದರೆ ವರದಿಗೆ ಬಳಸುವ ಪರಿಕಲ್ಪನೆಗಳ ಗೊತ್ತಾದ ಪಟ್ಟಿಯಲ್ಲಿರುವ, ‘ದಾಸ್ತಾನು’ ಎಂಬ ಪರಿಕಲ್ಪನೆ; ಇಂಥ ಕಂಪನಿಯದು; 31 ಮಾರ್ಚ್ 2024ರಂದು ಇದ್ದದ್ದು; ಅಳತೆ ಭಾರತದ ರೂಪಾಯಿ; ಮೊತ್ತ 48,40,00,000; ನಿಖರತೆ ಲಕ್ಷದವರೆಗೆ. ನಿಖರತೆಯನ್ನು ಸೂಚಿಸುವುದು ಋಣ ಐದು ಎಂಬ ಅಂಕಿ, ಕೋಟಿಯವರೆಗೆ ಸಾಕಾದರೆ ಋಣ ಏಳು. ಕಂಪನಿಯ ಗುರುತಿಗೆ ನಮ್ಮಲ್ಲಿ ಬಳಸುವುದು ಇಪ್ಪತ್ತೊಂದು ಅಕ್ಷರ-ಅಂಕಿಗಳ ಸಿಐಎನ್. ಅದರ ನಡುವೆ ಬರುವ ‘ಕೆಎ’ ಎಂಬೆರಡು ಅಕ್ಷರ ನೋಡಿದರೆ ಕಂಪನಿ ಕರ್ನಾಟಕದಲ್ಲಿ ನೋಂದಣಿಯಾದದ್ದೆಂದು ತಿಳಿಯುತ್ತದೆ. ದಾಸ್ತಾನು ಒಂದು ದಿನದ ಸ್ಥಿತಿ, ವಹಿವಾಟು ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಮೊತ್ತ. ಈ ವ್ಯತ್ಯಾಸವನ್ನೂ ಪದಕೋಶವೇ ಮೊದಲು ಗೊತ್ತುಮಾಡಿರುತ್ತದೆ.

ತಪ್ಪು ನುಸುಳುವುದು ಇಂಥ ಸಣ್ಣ ಸಂದುಗಳಲ್ಲಿ. ಲಕ್ಷದ ಅಳತೆಯ 4,840ನ್ನು ಹಾಗೇ ತುಂಬಿದರೆ ಇಡೀ ವರ್ಕ್ಸ್‌ನ ದಾಸ್ತಾನು ಎರಡು ಚೀಲ ಕಾಫಿಯ ಬೆಲೆಯನ್ನೂ ಮುಟ್ಟುವುದಿಲ್ಲ. ಇದಕ್ಕಿಂತ ಮೋಸದ್ದು ಚಿಹ್ನೆಯ ತಪ್ಪು. ನಗದು ಹರಿವಿನ ತಖ್ತೆಯಲ್ಲಿ ‘ಯಂತ್ರ ಖರೀದಿಗೆ ಕೊಟ್ಟದ್ದು’ ಎಂಬ ಮೊತ್ತವನ್ನು ಆವರಣದೊಳಗೆ ಮುದ್ರಿಸುವುದು ರೂಢಿ. ಅದನ್ನು ಕಂಡು ಋಣ ಚಿಹ್ನೆ ಹಾಕುವವರಿದ್ದಾರೆ. ‘ಕೊಟ್ಟದ್ದು’ ಎಂಬುದು ಪರಿಕಲ್ಪನೆಯ ಹೆಸರಿನಲ್ಲೇ ಇರುವಾಗ ಮೊತ್ತ ಧನವಾಗಿಯೇ ಇರಬೇಕು. ಋಣ ಹಾಕಿದರೆ ದುಡ್ಡು ಕೊಟ್ಟದ್ದಲ್ಲ, ಬಂದದ್ದು ಎಂದಾಗುತ್ತದೆ. ಕಿರ್ದಿ ಬರೆಯುತ್ತಿದ್ದ ಹಳೆಯ ಗುಮಾಸ್ತರು ಜಮೆಯ ಕಡೆ, ಖರ್ಚಿನ ಕಡೆ ಎಂದು ಎಡಬಲ ನೋಡುತ್ತಿದ್ದರೇ ಹೊರತು ಚಿಹ್ನೆಯ ಗೊಡವೆಗೆ ಹೋಗುತ್ತಿರಲಿಲ್ಲ. ಎಕ್ಸ್‌ಬಿಆರ್‌ಎಲ್ ಅವರ ಪದ್ಧತಿಗೇ ಹತ್ತಿರ.

ಇನ್ನೊಂದು ಸಂಗತಿ ಕನ್ನಡದ ಓದುಗರಿಗೆ ಸ್ವಾರಸ್ಯದ್ದು. ಈ ಭಾಷೆಯಲ್ಲಿ ಪರಿಕಲ್ಪನೆ ಬೇರೆ, ಅದರ ಹೆಸರುಪಟ್ಟಿ ಬೇರೆ. ಒಂದೇ ಪರಿಕಲ್ಪನೆಗೆ ಎಷ್ಟು ಭಾಷೆಯಲ್ಲಿ ಬೇಕಾದರೂ ಹೆಸರು ಕೊಡಬಹುದು, ಅದರಿಂದ ಅಂಕಿಗೆ ಏನೂ ಆಗುವುದಿಲ್ಲ. ಯುರೋಪಿನ ಪದಕೋಶದಲ್ಲಿ ಒಕ್ಕೂಟದ ಅಧಿಕೃತ ಭಾಷೆಗಳ ಹೆಸರುಗಳು ಹೀಗೆಯೇ ಸೇರಿವೆ. ‘ದಾಸ್ತಾನು’, ‘ಬರಬೇಕಾದ ಬಾಕಿ’, ‘ಸವಕಳಿ’ ಎಂದು ಕನ್ನಡದ ಹೆಸರುಪಟ್ಟಿಯೊಂದನ್ನು ಸೇರಿಸಲು ತಾಂತ್ರಿಕವಾಗಿ ಯಾವ ಅಡ್ಡಿಯೂ ಇಲ್ಲ.

ಈಗ ಮೂಲ ಪ್ರಶ್ನೆ. ಪದಕೋಶದಲ್ಲಿ ಹೆಸರೇ ಇಲ್ಲದ ಬಾಬ್ತು ಬಂದರೆ? ನಮ್ಮ ಕ್ಯೂರಿಂಗ್ ವರ್ಕ್ಸ್ ಕಾಫಿ ಬೀಜವನ್ನು ಕೈಯಲ್ಲಿ ಆರಿಸುವ ಕೆಲಸವನ್ನು ಗುತ್ತಿಗೆಗೆ ಕೊಟ್ಟು 2.10 ಕೋಟಿ ತೆತ್ತಿದೆ ಎನ್ನಿ. ಆ ಕಸುಬಿನವರು ಇದನ್ನು ಗಾರ್ಬಲಿಂಗ್ ಎನ್ನುತ್ತಾರೆ. ಸಾಮಾನ್ಯ ಪದಕೋಶದಲ್ಲಿ ಈ ಹೆಸರು ಎಲ್ಲಿಂದ ಬರಬೇಕು?

ಅಮೆರಿಕದ ಉತ್ತರ, ನೀವೇ ಪದ ಹುಟ್ಟಿಸಿಕೊಳ್ಳಿ ಎಂಬುದು. ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ 2009ರ ನಿಯಮದ ಮೂಲಕ ಮೊದಲು 500 ಕೋಟಿ ಡಾಲರಿಗೂ ಮೇಲ್ಪಟ್ಟ ಷೇರುಮೌಲ್ಯದ ದೊಡ್ಡ ಕಂಪನಿಗಳನ್ನು, ಆಮೇಲೆ ಹಂತಹಂತವಾಗಿ ಉಳಿದವನ್ನು ಎಕ್ಸ್‌ಬಿಆರ್‌ಎಲ್ ವರದಿಗೆ ಒಳಪಡಿಸಿತು. ಸಾವಿರಾರು ಪದಗಳ ಕೋಶವಿದ್ದೂ ಸಾಲದೆ ಬಂದಾಗ ಕಂಪನಿ ತನ್ನದೇ ಪದ ಸೇರಿಸಬಹುದು. ಒಬ್ಬರು ‘ಗಾರ್ಬಲಿಂಗ್ ವೆಚ್ಚ’ ಎಂದರೆ ಮತ್ತೊಬ್ಬರು ‘ಬೀಜ ಆರಿಸುವ ಕೂಲಿ’ ಎನ್ನುತ್ತಾರೆ. ಎರಡೂ ಒಂದೇ ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ, ಹೋಲಿಕೆ ಅಲ್ಲಿಗೇ ಮುರಿಯುತ್ತದೆ. 2014ರಲ್ಲಿ ಎಸ್‌ಇಸಿ ಸಿಬ್ಬಂದಿ ಈ ಸ್ವಂತ ಪದಗಳ ಬಳಕೆಯನ್ನು ಪರಿಶೀಲಿಸಿದಾಗ ದೊಡ್ಡ ಕಂಪನಿಗಳಲ್ಲಿ ಅದು ಇಳಿಯುತ್ತಿದ್ದದ್ದು, ಸಣ್ಣವುಗಳಲ್ಲಿ ಹಾಗೆ ಇಳಿಯದಿದ್ದದ್ದು ಕಂಡಿತು. ವರದಿ ತಯಾರಿಸಿಕೊಡುವ ತಂತ್ರಾಂಶ ಸಂಸ್ಥೆಗಳ ಪಾಲೂ ಅದರಲ್ಲಿದೆ ಎಂದು ಅವರು ಗಮನಿಸಿದರು. ಕೋಶದಲ್ಲಿ ಹುಡುಕುವುದಕ್ಕಿಂತ ಹೊಸದು ಬರೆಯುವುದು ಸುಲಭ. ನಿಘಂಟು ತೆರೆಯದೆ ಪದ ಟಂಕಿಸುವವರನ್ನು ನಾವೂ ಕಂಡಿದ್ದೇವೆ.

ಭಾರತದ ಉತ್ತರ ಇದಕ್ಕೆ ತದ್ವಿರುದ್ಧ. ರಿಸರ್ವ್ ಬ್ಯಾಂಕ್ 2008ರಲ್ಲೇ ಬ್ಯಾಂಕುಗಳ ಬಂಡವಾಳ ಸಾಮರ್ಥ್ಯದ ವರದಿಯನ್ನು ಎಕ್ಸ್‌ಬಿಆರ್‌ಎಲ್ ರೂಪದಲ್ಲಿ ಪಡೆಯತೊಡಗಿತ್ತು. ಕಂಪನಿ ವ್ಯವಹಾರ ಸಚಿವಾಲಯದ ನಿಯಮ ಬಂದದ್ದು 2011ರಲ್ಲಿ. ಷೇರುಪೇಟೆಯಲ್ಲಿರುವ ಕಂಪನಿಗಳು, ಅವುಗಳ ಭಾರತೀಯ ಅಂಗಸಂಸ್ಥೆಗಳು, 5 ಕೋಟಿ ಅಥವಾ ಹೆಚ್ಚು ಪಾವತಿಯಾದ ಬಂಡವಾಳ ಇಲ್ಲವೇ 100 ಕೋಟಿ ಅಥವಾ ಹೆಚ್ಚು ವಹಿವಾಟು ಇರುವವು ಇದರೊಳಗೆ ಬಂದವು. ಬ್ಯಾಂಕು, ವಿಮೆ, ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ವಿನಾಯಿತಿ. 2015ರ ನಿಯಮವೂ ಈ ಮಿತಿಗಳನ್ನೇ ಉಳಿಸಿಕೊಂಡಿತು, ಒಮ್ಮೆ ಒಳಗೆ ಬಂದ ಕಂಪನಿ ಮುಂದೆ ಮಿತಿಗಿಂತ ಕೆಳಗಿಳಿದರೂ ಹೊರಗೆ ಹೋಗುವಂತಿಲ್ಲ ಎಂದಿತು. ಸಚಿವಾಲಯದ ಪದಕೋಶ ಮುಚ್ಚಿದ ಪದಕೋಶ. ಕಂಪನಿ ತನ್ನ ಪದ ಸೇರಿಸುವಂತಿಲ್ಲ. ಗಾರ್ಬಲಿಂಗ್‌ನ 2.10 ಕೋಟಿ ಇರುವ ಹೆಸರುಗಳಲ್ಲೇ ಯಾವುದಕ್ಕಾದರೂ ಹೊಂದಬೇಕು. ಹೊಂದದಿದ್ದರೆ ‘ಇತರೆ ವೆಚ್ಚ’ಕ್ಕೆ ಹೋಗಿ ಬೀಳುತ್ತದೆ. ವಿವರ ಹೇಳಲೇಬೇಕೆಂದರೆ ಅಡಿಟಿಪ್ಪಣಿಯಿದೆ, ಆದರೆ ಅದು ಬರೀ ಗದ್ಯ. ಯಂತ್ರ ಅದನ್ನು ಹೊತ್ತು ತರುತ್ತದೆಯೇ ವಿನಾ ಕೂಡಿ ಕಳೆಯುವುದಿಲ್ಲ.

ಯುರೋಪ್ ತಡವಾಗಿ ಬಂದದ್ದರಿಂದ ಉಳಿದವರ ಪಾಡು ನೋಡಿ ಕಲಿತಂತಿದೆ. ಷೇರುಪೇಟೆಯ ಕಂಪನಿಗಳ ವಾರ್ಷಿಕ ವರದಿಗೆ ಅಲ್ಲಿ ಗೊತ್ತುಮಾಡಿದ ಇಸೆಫ್ ಪದ್ಧತಿಯಲ್ಲಿ ಹೊಸ ಪದಕ್ಕೆ ಅವಕಾಶವಿದೆ, ಆದರೆ ಅದನ್ನು ಕೋಶದಲ್ಲಿರುವ, ಅರ್ಥದಲ್ಲಿ ಅದಕ್ಕೆ ಹತ್ತಿರವಾದ ಹಿರಿಯ ಪದಕ್ಕೆ ಕಟ್ಟಬೇಕು. ಅವರು ಇದನ್ನು ಲಂಗರು ಹಾಕುವುದು ಎನ್ನುತ್ತಾರೆ. ನಮ್ಮ ‘ಗಾರ್ಬಲಿಂಗ್ ವೆಚ್ಚ’ ಅಲ್ಲಿ ಹೊಸ ಪದವಾಗಿಯೇ ಇರುತ್ತದೆ, ತಾನು ಯಾವ ದೊಡ್ಡ ವೆಚ್ಚದ ಮಗು ಎಂಬುದನ್ನೂ ಹೇಳುತ್ತದೆ. ಬೇರೆ ಕಂಪನಿಯ ‘ಬೀಜ ಆರಿಸುವ ಕೂಲಿ’ಯನ್ನೂ ಅದೇ ತಾಯಿಪದಕ್ಕೆ ಕಟ್ಟಿದ್ದರೆ ಆ ಮಟ್ಟದಲ್ಲಾದರೂ ಎರಡನ್ನೂ ಕೂಡಿಸಿ ನೋಡಬಹುದು.

ನನ್ನ ಮಟ್ಟಿಗೆ ಮೂರರಲ್ಲಿ ಇದೇ ಸರಿಯಾದದ್ದು. ಹಾಗೆಂದು ಸಚಿವಾಲಯ ಮಾಡಿದ್ದು ದಡ್ಡತನವಲ್ಲ. ಇಸೆಫ್ ತಲುಪುವುದು ಷೇರುಪೇಟೆಯ ಕಂಪನಿಗಳನ್ನು ಮಾತ್ರ. ನಮ್ಮ ನಿಯಮದೊಳಗೆ 5 ಕೋಟಿ ಬಂಡವಾಳದ ಖಾಸಗಿ ಕಂಪನಿಯೂ ಇದೆ. ಅಲ್ಲಿ ಈ ಕೆಲಸ ಮಾಡುವುದು ಒಬ್ಬ ಅಕೌಂಟೆಂಟ್, ಒಬ್ಬ ಕಂಪನಿ ಸೆಕ್ರೆಟರಿ. ಕೆಲವೊಮ್ಮೆ ಇಬ್ಬರೂ ಒಬ್ಬರೇ. ಅವರ ಕೈಗೆ ಪದ ಟಂಕಿಸುವ ಅಧಿಕಾರ ಕೊಟ್ಟಿದ್ದರೆ ಅಮೆರಿಕದ ಸಣ್ಣ ಕಂಪನಿಗಳಲ್ಲಿ ಆದದ್ದೇ ಇಲ್ಲೂ ಆಗುತ್ತಿತ್ತು. ಆದರೆ ಇಂಡ್-ಎಎಸ್ ಎಂಬ ಲೆಕ್ಕಪತ್ರ ಮಾನಕಗಳನ್ನು ಪಾಲಿಸುವ, ಷೇರುಪೇಟೆಯಲ್ಲಿರುವ ಕಂಪನಿಗಳಿಗಾದರೂ ಲಂಗರು ಹಾಕಿದ ಪದಗಳಿಗೆ ಅವಕಾಶ ಕೊಡಬಹುದು. ಆ ಮಾನಕಗಳು ಯುರೋಪ್ ಬಳಸುವ ಐಎಫ್‌ಆರ್‌ಎಸ್‌ಗೆ ಹತ್ತಿರದವು, ಲಂಗರಿನ ತಂತ್ರವೂ ಸಿದ್ಧವಾಗಿದೆ.

ಅಲ್ಲಿಯವರೆಗೆ, ಭಾರತದ ಎರಡು ಕಂಪನಿಗಳ ಎಕ್ಸ್‌ಬಿಆರ್‌ಎಲ್ ಕಡತಗಳನ್ನು ಹೋಲಿಸುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಅನುಪಾತ ಲೆಕ್ಕ ಹಾಕುವ ಮೊದಲು ಒಟ್ಟು ವೆಚ್ಚದಲ್ಲಿ ‘ಇತರೆ’ಯ ಪಾಲು ಎಷ್ಟೆಂದು ನೋಡಿ. ಅದು ದೊಡ್ಡದಿದ್ದರೆ ಅಡಿಟಿಪ್ಪಣಿ ತೆರೆದು ಕಣ್ಣಿನಿಂದಲೇ ಓದಿ.