ಹೇರೆತ್ತಿನಿಂದ ಡಫಲ್‌ವರೆಗೆ: ಬೀದರ್ ಸೀಮೆಯ ಪ್ರಯಾಣದ ಚೀಲಗಳು

ಔರಾದ್ ತಾಲ್ಲೂಕಿನ ಚಿಂತಾಕಿ ತೆಲಂಗಾಣದ ಗಡಿಗೆ ಹತ್ತಿರದ ಹೋಬಳಿ ಊರು. ತಾಲ್ಲೂಕಿನ ಇನ್ನೊಂದು ಮಗ್ಗುಲಿಗೆ ಮಹಾರಾಷ್ಟ್ರ. ದುಡಿಮೆಗೆ, ಓದಿಗೆ, ಆಸ್ಪತ್ರೆಗೆ, ಮದುವೆಗೆ ಎಂದು ಇಲ್ಲಿಯ ಜನ ಬೀದರ್, ಹೈದರಾಬಾದ್, ಉದಗೀರ್, ಪುಣೆಗೆ ಹೊರಡುತ್ತಲೇ ಇರುತ್ತಾರೆ. ಹಬ್ಬದ ಹೊತ್ತಿಗೆ ಬಸ್ಸಿಳಿದು ಬರುವವರ ಹೆಗಲಲ್ಲಿ ಈಗ ಎದ್ದು ಕಾಣುವುದು ಒಂದೇ ನಮೂನೆಯ ಚೀಲ: ಉದ್ದನೆಯ ಹೊಟ್ಟೆ, ಮೇಲೆ ಉದ್ದಕ್ಕೂ ಚೈನು, ಎರಡು ಹಿಡಿಕೆ, ಒಂದು ಹೆಗಲಪಟ್ಟಿ. ಅಂಗಡಿಯವರು ಅದನ್ನು ಡಫಲ್ ಬ್ಯಾಗ್ ಎಂದು ಮಾರುತ್ತಾರೆ. ಮನೆಯಲ್ಲಿ ಅದು ಬರೀ ಬ್ಯಾಗು, ಇಲ್ಲವೆ ಥೈಲಿ. ಹೊಸದೆನ್ನಿಸುವ ಈ ಚೀಲಕ್ಕೆ ಈ ಸೀಮೆಯಲ್ಲಿ ನೂರಾರು ವರ್ಷಗಳ ಪೂರ್ವಿಕರಿದ್ದಾರೆ. ಹೊರುವುದು ಎತ್ತೋ, ಕುದುರೆಯೋ, ರೈಲೋ, ಬಸ್ಸೋ ಎಂಬುದರ ಮೇಲೆ ಚೀಲದ ಆಕಾರ ಬದಲಾಗುತ್ತ ಬಂದಿದೆ.

ಹಳೆಯ ಕಾಲದ ದೊಡ್ಡ ಸಾಗಣೆದಾರರು ಬಂಜಾರರು. 17ನೆಯ ಶತಮಾನದಲ್ಲಿ ದಖ್ಖನ್ನಿಗೆ ಇಳಿದ ಮೊಗಲ್ ಸೇನೆಗಳಿಗೆ ಧಾನ್ಯ ಒದಗಿಸಿದವರಲ್ಲಿ ಅವರೇ ಮುಖ್ಯರು. ಬೀದರ್ ಕೋಟೆ ಔರಂಗಜೇಬನ ಕೈಸೇರಿದ್ದು 1657ರಲ್ಲಿ. ಅದೇ ಶತಮಾನದಲ್ಲಿ ಭಾರತವನ್ನು ಸುತ್ತಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ, ಅಕ್ಕಿ, ಕಾಳು, ಉಪ್ಪು ಹೇರಿಕೊಂಡು ಒಟ್ಟಿಗೆ ಸಾಗುವ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಗಾಡಿ ಹೋಗದ ಕಣಿವೆ, ಹಳ್ಳ, ಎರೆಹೊಲದಲ್ಲೂ ಹೇರೆತ್ತು ಹೋಗುತ್ತಿತ್ತು. ಅದರ ಬೆನ್ನಿನ ಎರಡೂ ಪಕ್ಕಕ್ಕೆ ಜೋಡಿ ಗೋಣಿ ಇಳಿಬಿಡುತ್ತಿದ್ದರು. ಎರಡರ ತೂಕ ಸಮ ಇರಬೇಕು. ಒಂದು ಕಡೆ ಹೆಚ್ಚಾದರೆ ಹೇರು ಜಾರಿ ಎತ್ತಿನ ಬೆನ್ನು ಹುಣ್ಣಾಗುತ್ತದೆ. ಇಂದು ಔರಾದ್ ತಾಲ್ಲೂಕಿನ ತಾಂಡಾಗಳಲ್ಲಿ ನೆಲೆ ನಿಂತಿರುವ ಬಂಜಾರರ, ಅಂದರೆ ಲಂಬಾಣಿಗರ, ಹಿರಿಯರ ಬದುಕು ಹೀಗೆ ತುಂಬಿದ ಚೀಲಗಳ ಜೊತೆಗೇ ನಡೆಯಿತು. ಆ ಸಮುದಾಯದ ಹೆಣ್ಣುಮಕ್ಕಳು ಬಟ್ಟೆಯ ಚೀಲಗಳಿಗೂ ಕವಡೆ, ಕನ್ನಡಿ, ಬಣ್ಣದ ದಾರದ ಕಸೂತಿ ಹಾಕಿದರು.

ಎತ್ತಿಗೆ ಗೋಣಿಯಾದರೆ ಮನುಷ್ಯನ ಹೆಗಲಿಗೆ ಹಸುಬೆ. ಉದ್ದನೆಯ ದಪ್ಪ ಬಟ್ಟೆಯನ್ನು ಎರಡೂ ತುದಿಯಿಂದ ನಡುವಿನತ್ತ ಮಡಚಿ, ಅಂಚು ಹೊಲಿದರೆ ಹಸುಬೆ ಸಿದ್ಧ. ಒಂದು ಚೀಲ ಎದೆಯ ಮೇಲೆ, ಇನ್ನೊಂದು ಬೆನ್ನ ಮೇಲೆ. ಸಂತೆಗೆ ಹೋಗುವ ವ್ಯಾಪಾರಿಗೆ ಎರಡೂ ಕೈ ಖಾಲಿ ಉಳಿಯುತ್ತಿದ್ದವು. ಇದೇ ಕಟ್ಟನ್ನು ಕುದುರೆಯ ಜೀನಿಗೆ ಹೊಂದಿಸಿದರೆ ಖುರ್ಜಿ.

ಕುದುರೆಯಿದ್ದಲ್ಲಿ ಖುರ್ಜಿಯೂ ಇರುತ್ತದೆ; ಬಹಮನಿ ರಾಜಧಾನಿಯಾಗಿದ್ದ ಬೀದರ್ ಕುದುರೆ ವ್ಯಾಪಾರದ ದೊಡ್ಡ ಪೇಟೆಯೂ ಆಗಿತ್ತು. ರಷ್ಯದ ತ್ವೆರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಅಸ್ತ್ರಾಖಾನ್ ಹತ್ತಿರ ಸರಕು ಸುಲಿಗೆಯಾದ ಮೇಲೂ ಎದೆಗುಂದದೆ ಮುಂದೆ ನಡೆದು, ಒಂದು ಗಂಡುಕುದುರೆಯೊಡನೆ ಕಡಲು ದಾಟಿ, 1470ರ ಆಸುಪಾಸಿನಲ್ಲಿ ಬೀದರ್ ತಲುಪಿದ. ಆ ಕುದುರೆಯನ್ನು ಅವನು ಮಾರಿದ್ದು ಇಲ್ಲಿಯೇ. ಅದರ ಮೇವಿಗೇ ಅವನ ಹಣ ಕರಗಿತ್ತು.

ಚೀಲಕ್ಕೆ ಈ ಸೀಮೆಯಲ್ಲಿ ಗೌರವದ ಇನ್ನೊಂದು ಇತಿಹಾಸವೂ ಇದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಅಪ್ಪಣ್ಣನವರ ಹೆಸರಿನ ಮುಂದೆ ನಿಂತದ್ದು ಎಲೆ-ಅಡಿಕೆಯ ಚೀಲವಾದ ಹಡಪ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೆ ಬರುವ ಗೊರವರಿಗೆ ಭಂಡಾರದ ಚೀಲವೇ ಗುರುತು. ಜಂಗಮರ ಜೋಳಿಗೆಯಂತೂ ಮನೆಮನೆಯ ಧಾನ್ಯವನ್ನು ಮಠದ ಅನ್ನವಾಗಿಸಿತು. ಕಮಲನಗರದಲ್ಲಿ ಹುಟ್ಟಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (1889–1999) ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗಿ ಒಳಗೆ ಕನ್ನಡ ಕಲಿಸಿದರು. ಜೋಳಿಗೆ ಹಿಡಿದು ಮಕ್ಕಳ ಊಟಕ್ಕೆ ದಾರಿ ಮಾಡಿದವರೆಂದೇ ಜನ ಅವರನ್ನು ನೆನೆಯುತ್ತಾರೆ. ದೂರದ ಇಳಕಲ್ಲಿನಲ್ಲಿ ಮಹಾಂತ ಸ್ವಾಮೀಜಿ 1975ರಿಂದ ಜೋಳಿಗೆ ಹಿಡಿದು ಬೇಡಿದ್ದು ಜನರ ದುಶ್ಚಟಗಳನ್ನು.

1930ರ ದಶಕದಲ್ಲಿ ದಾರಿಯೇ ಬದಲಾಯಿತು. ನಿಜಾಮ್ ಸ್ಟೇಟ್ ರೈಲ್ವೆ ವಿಕಾರಾಬಾದ್‌ನಿಂದ ಬೀದರ್ ಕಡೆಗೆ ಹಳಿ ಹಾಕಿತು. ಅದೇ ರೈಲ್ವೆಯ ಅಂಗವಾಗಿ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ಹೈದರಾಬಾದ್ ಸಂಸ್ಥಾನದ ಸರ್ಕಾರಿ ಬಸ್ ಸೇವೆ ಶುರುವಾಯಿತು. ಬೆನ್ನೂ ಹೆಗಲೂ ಇಲ್ಲದ ಈ ಹೊಸ ವಾಹನಗಳಿಗೆ ಒಂದರ ಮೇಲೊಂದು ಜೋಡಿಸಬಹುದಾದ ಸಾಮಾನು ಅನುಕೂಲ. ತಗಡಿನ ಸಂದೂಕದ ಕಾಲ ಬಂತು. ಹಾಸ್ಟೆಲ್ಲಿಗೆ ಹೊರಟ ಹುಡುಗನ ಪುಸ್ತಕ, ಮದುವೆಯಾಗಿ ಹೋಗುವ ಮಗಳ ಸೀರೆ, ವರ್ಗವಾದ ಗುಮಾಸ್ತನ ಕಾಗದಪತ್ರ ಎಲ್ಲವೂ ಬೀಗ ಹಾಕಿದ ಸಂದೂಕದಲ್ಲಿ. ಜೊತೆಗೆ ಹಾಸಿಗೆ ಸುತ್ತಿದ ಹೋಲ್ಡಾಲ್. ಸಂದೂಕ ಭದ್ರ, ಆದರೆ ಖಾಲಿಯಿದ್ದಾಗಲೂ ಭಾರ. ಹೊರಲು ಹಮಾಲ ಬೇಕು, ಇಲ್ಲವೆ ಜೊತೆಗೊಬ್ಬ ಅಣ್ಣನೋ ತಮ್ಮನೋ ಬೇಕು.

ಕಾಲಿಗೆ ಬುದ್ಧಿ ಹೇಳಬೇಕಾದ ದಿನಗಳಲ್ಲಿ ಸಂದೂಕ ಕೆಲಸಕ್ಕೆ ಬರಲಿಲ್ಲ. 1948ರಲ್ಲಿ ನಿಜಾಮರ ಪರ ನಿಂತ ರಜಾಕಾರರ ಹಾವಳಿಗೆ ಹೆದರಿ ಸಂಸ್ಥಾನದ ಗಡಿ ಹಳ್ಳಿಗಳ ಸಾವಿರಾರು ಕುಟುಂಬಗಳು ಸೊಲ್ಲಾಪುರದ ಕಡೆ ಓಡಿದವು. ಆ ಮೇ ತಿಂಗಳಲ್ಲಿ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಬೀದರ್ ಜಿಲ್ಲೆ ಮರೆತಿಲ್ಲ. ಹಾಗೆ ಹೊರಟವರು ಹೊರಬಹುದಾಗಿದ್ದು ಸೀರೆಯಲ್ಲೋ ಧೋತರದಲ್ಲೋ ಕಟ್ಟಿದ ಗಂಟು ಮಾತ್ರ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೆ ಬಂದವು. ಉದಗೀರ್ ಮುಂಬೈ ರಾಜ್ಯಕ್ಕೂ ನಾರಾಯಣಖೇಡ ಆಂಧ್ರಪ್ರದೇಶಕ್ಕೂ ಹೋದವು. ಬೀಗರೂ ಸಂತೆಗಳೂ ಇದ್ದಲ್ಲೇ ಇದ್ದುದರಿಂದ ಗಂಟು ಕಟ್ಟಿ ಹೋಗಿಬರುವುದು ನಿಲ್ಲಲಿಲ್ಲ.

ಮೆತ್ತನೆಯ ಚೀಲ ಮತ್ತೆ ಮುನ್ನೆಲೆಗೆ ಬಂದದ್ದು ದುಡಿಯಲು ಹೋಗುವವರಿಂದ. ಮಳೆ ಕೈಕೊಟ್ಟ ವರ್ಷ ಹೈದರಾಬಾದ್, ಪುಣೆ, ಮುಂಬೈಯ ಕಟ್ಟಡ ಕೆಲಸಕ್ಕೆ ಹೊರಟ ಬಡವರು ಖಾಲಿ ಗೊಬ್ಬರ ಚೀಲವನ್ನೇ ಲಗೇಜು ಮಾಡಿಕೊಂಡರು. ಪ್ಲಾಸ್ಟಿಕ್ ಎಳೆಯಿಂದ ನೇಯ್ದ ಈ ಚೀಲ 50 ಕಿಲೋ ಯೂರಿಯಾ ತಾಳಿಕೊಳ್ಳುವಂಥದ್ದು (2018ರಿಂದ ಯೂರಿಯಾ ಚೀಲ 45 ಕಿಲೋಗೆ ಇಳಿದಿದೆ). ಊರಿನ ದರ್ಜಿ ಅದಕ್ಕೆ ಎರಡು ಹಿಡಿಕೆ, ಮೇಲೊಂದು ಚೈನು ಹಚ್ಚಿಕೊಟ್ಟರೆ ಪಾತ್ರೆ, ಕೌದಿ, ಜೋಳದ ಹಿಟ್ಟು ಎಲ್ಲಕ್ಕೂ ಒಂದೇ ಥೈಲಿ. ಸ್ವಲ್ಪ ಅನುಕೂಲವಿದ್ದವರ ಕೈಯಲ್ಲಿ ಏರ್‌ಬ್ಯಾಗ್. ವಿಮಾನ ಸಂಸ್ಥೆಗಳು ಪ್ರಯಾಣಿಕರಿಗೆ ಕೊಡುತ್ತಿದ್ದ ಕೈಚೀಲದ ಮಾದರಿಯನ್ನು ಅಗ್ಗದ ರೆಕ್ಸಿನ್‌ನಲ್ಲಿ ಹೊಲಿದು ಮಾರಿದ್ದರಿಂದ, ವಿಮಾನವನ್ನು ಆಕಾಶದಲ್ಲಷ್ಟೇ ನೋಡಿದವರ ಮನೆಗೂ ಆ ಹೆಸರು ಬಂತು.

ಡಫಲ್‌ನ ತವರು ಬೇರೆ. ಬೆಲ್ಜಿಯಂನ ಆಂಟ್ವರ್ಪ್ ಹತ್ತಿರ ಡಫಲ್ ಎಂಬ ಊರಿದೆ. ಅಲ್ಲಿಯ ಒರಟು ಉಣ್ಣೆ ಬಟ್ಟೆ ಹಲವು ಶತಮಾನಗಳ ಹಿಂದೆಯೇ ಯುರೋಪಿನಲ್ಲಿ ಹೆಸರಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರ ಬಟ್ಟೆಬರೆ ತುಂಬುವ ಕೊಳವೆಯಾಕಾರದ ಕ್ಯಾನ್‌ವಾಸ್ ಚೀಲ ಆ ಊರಿನ ಹೆಸರನ್ನು ಲೋಕಕ್ಕೆಲ್ಲ ಹರಡಿತು. ಭಾರತದ ಸೈನಿಕರು ಅಂಥದ್ದನ್ನು ಕಿಟ್‌ಬ್ಯಾಗ್ ಎನ್ನುತ್ತಾರೆ. ವಾಯುಪಡೆಯ ತರಬೇತಿ ಕೇಂದ್ರವಿರುವ ಬೀದರ್‌ಗೆ ಅದು ಅಪರಿಚಿತವಲ್ಲ. ರಜೆಗೆ ಬಂದ ಜವಾನನ ಹಸಿರು ಕಿಟ್‌ಬ್ಯಾಗನ್ನು ಹಳ್ಳಿಗಳೂ ಕಂಡಿವೆ. ಅದರ ಬಾಯಿ ಒಂದು ತುದಿಗಿದ್ದುದರಿಂದ ತಳದ ಅಂಗಿ ಬೇಕಾದರೆ ಎಲ್ಲವನ್ನೂ ಹೊರಗೆ ಸುರಿಯಬೇಕಿತ್ತು. ಚೀಲವನ್ನು ಅಡ್ಡ ಮಲಗಿಸಿ, ಉದ್ದಕ್ಕೂ ಚೈನು ಹಚ್ಚಿದಾಗ ಇಂದಿನ ಡಫಲ್ ರೂಪ ತಾಳಿತು. ಗಿಡಿಯನ್ ಸುಂಡ್‌ಬ್ಯಾಕ್ 1917ರಲ್ಲಿ ಹಕ್ಕುಪತ್ರ ಪಡೆದ ಹಲ್ಲಿನ ಚೈನು ಮತ್ತು 1930ರ ದಶಕದಲ್ಲಿ ಹುಟ್ಟಿದ ನೈಲಾನ್ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ಈ ನಡುವೆ ಗಾಲಿಯ ಸೂಟ್‌ಕೇಸೂ ಬಂತು. ಅಮೆರಿಕದ ಬರ್ನಾರ್ಡ್ ಸ್ಯಾಡೊ ಅದರ ಹಕ್ಕುಪತ್ರ ಪಡೆದದ್ದು 1972ರಲ್ಲಿ. ನಿಲ್ದಾಣಗಳ ನುಣುಪು ನೆಲದ ಮೇಲೆ ಅದಕ್ಕೆ ಸರಿಸಾಟಿಯಿಲ್ಲ. ಔರಾದ್ ಕಡೆಯ ಎರೆಮಣ್ಣಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಗಾಲಿ ನಾಲ್ಕು ಹೆಜ್ಜೆಯೊಳಗೆ ಕೆಸರು ಮೆತ್ತಿ ಕಚ್ಚಿಕೊಳ್ಳುತ್ತದೆ. ಬಸ್ಸಿಳಿದು ತಾಂಡಾಕ್ಕೋ ಹೊಲದ ಮನೆಗೋ ನಡೆಯುವವರಿಗೆ, ಬೈಕಿನ ಹಿಂದೆ ಕೂರುವವರಿಗೆ, ಕ್ರೂಸರ್ ಜೀಪಿನ ಸಂದಿಯಲ್ಲಿ ಸಾಮಾನು ತುರುಕಬೇಕಾದವರಿಗೆ ಹೆಗಲ ಚೀಲವೇ ಗತಿ. ಖಾಲಿಯಾದಾಗ ಮಡಚಿ ಅಟ್ಟದ ಮೇಲಿಡಬಹುದು ಎಂಬುದೂ ಸಣ್ಣ ಮನೆಗಳಿಗೆ ಸಣ್ಣ ಲಾಭವಲ್ಲ.

ಹಾಗಾಗಿ ಇಲ್ಲಿ ಡಫಲ್ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಹೊಲಿಗೆ ನೋಡಬೇಕು. ಹಿಡಿಕೆಯ ಪಟ್ಟಿ ಚೀಲದ ಹೊಟ್ಟೆಯನ್ನು ಸುತ್ತಿ ತಳದಿಂದ ಬಂದಿದ್ದರೆ ಭಾರವನ್ನು ಪಟ್ಟಿ ಹೊರುತ್ತದೆ. ಬದಿಗೆ ಮಾತ್ರ ಹೊಲಿದಿದ್ದರೆ ಅಷ್ಟೂ ಭಾರ ಬಟ್ಟೆಯ ಮೇಲೆ ಬಿದ್ದು ಅಲ್ಲೇ ಹರಿಯುತ್ತದೆ. ಬಟ್ಟೆಯ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತಾರೆ: 9,000 ಮೀಟರ್ ಎಳೆ 600 ಗ್ರಾಂ ತೂಗಿದರೆ ಅದು 600 ಡೆನಿಯರ್, ದಿನಬಳಕೆಗೆ ಸಾಕಷ್ಟು ಗಟ್ಟಿ. ಚೈನಿನ ನಂಬರು ಹಲ್ಲಿನ ಅಗಲವನ್ನು ಹೆಚ್ಚುಕಡಿಮೆ ಮಿಲಿಮೀಟರಿನಲ್ಲಿ ಹೇಳುತ್ತದೆ. ತುಂಬಿ ಎಳೆಯುವ ಚೀಲಕ್ಕೆ 8 ಇಲ್ಲವೆ 10 ಬೇಕು. 50 ಸೆಂ.ಮೀ. ಉದ್ದ, 28 ಸೆಂ.ಮೀ. ಅಡ್ಡಗಲದ ಉರುಟು ಚೀಲ ಸುಮಾರು 30 ಲೀಟರಿನದು, ಎರಡು ಮೂರು ದಿನದ ಬಟ್ಟೆಗೆ ಸರಿ. ಮಳೆಯಲ್ಲಿ ನೀರು ಒಳಗಿಳಿಯುವುದು ಹೆಚ್ಚಾಗಿ ಚೈನು, ಹೊಲಿಗೆಗಳ ಸಂದಿಯಿಂದ. ಅದಕ್ಕೇ ಬಟ್ಟೆಯನ್ನು ಒಳಗೊಂದು ಪ್ಲಾಸ್ಟಿಕ್ ಚೀಲದಲ್ಲಿಡುವುದು ಜಾಣತನ.

ತುಂಬುವ ವಿದ್ಯೆ ಹೇರೆತ್ತಿನ ಕಾಲದ್ದೇ: ಎರಡೂ ತುದಿಗೆ ತೂಕ ಸಮ. ತೊಗರಿಬೇಳೆಯ ಗಂಟು ತಳದ ನಡುವೆ, ಅದರ ಆಚೀಚೆ ಬಟ್ಟೆ, ಚೈನಿನ ಕೆಳಗೆ ಟವೆಲ್ಲು, ಔಷಧ, ಕಾಗದಪತ್ರ. ಮೆತ್ತನೆಯ ಚೀಲ ಕಟಕ ರೊಟ್ಟಿಯನ್ನು ಕಾಯುವುದಿಲ್ಲ. ರೊಟ್ಟಿ ಮತ್ತು ಶೇಂಗಾ ಹಿಂಡಿಗೆ ಸ್ಟೀಲ್ ಡಬ್ಬಿಯೇ ಆಗಬೇಕು.

ದಾರಿ ಈಗಲೂ ಬದಲಾಗುತ್ತಲೇ ಇದೆ: 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲುಮಾರ್ಗ ಉದ್ಘಾಟನೆಯಾಯಿತು. 2020ರ ಫೆಬ್ರವರಿಯಲ್ಲಿ ಬೀದರ್‌ನಿಂದ ಬೆಂಗಳೂರಿಗೆ ವಿಮಾನವೂ ಹಾರಿತು. ವಿಮಾನದೊಳಗೆ ಒಯ್ಯುವ ಚೀಲಕ್ಕೆ ದೇಶದೊಳಗಿನ ಪ್ರಯಾಣದಲ್ಲಿ ಸಾಮಾನ್ಯವಾಗಿ 7 ಕಿಲೋ ಮಿತಿ; ಚೀಲವೇ ಎರಡು ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು ಐದೇ. ಹೀಗೆ ಹಗುರ ಚೀಲದ ಬೆಲೆ ಈಗ ತಕ್ಕಡಿಯ ಮೇಲೂ ಗೊತ್ತಾಗುತ್ತಿದೆ. ಅಂಥ ಚೀಲದ ಚೈನು ಕೈಕೊಟ್ಟರೆ ಇಡೀ ಚೀಲವನ್ನೇ ಎಸೆಯಬೇಕಿಲ್ಲ: ಹೆಚ್ಚಿನ ಸಲ ಸವೆದಿರುವುದು ಹಲ್ಲಲ್ಲ, ರನ್ನರ್. ಚೀಲ ರಿಪೇರಿಯವರು ತುದಿಯ ಹೊಲಿಗೆ ಬಿಚ್ಚಿ, ಹಳೆಯ ರನ್ನರ್ ಕಳಚಿ, ಅದೇ ನಂಬರಿನ ಹೊಸದನ್ನು ಏರಿಸಿ, ಮತ್ತೆ ಹೊಲಿದು ಕೊಡುತ್ತಾರೆ.