ರಿಮಿನಿಯ ಅತಿಥಿಗಳು

ಇಟಲಿಯ ಪೂರ್ವ ಕರಾವಳಿಯ ರಿಮಿನಿ ನಗರದಲ್ಲಿ, ರೈಲು ನಿಲ್ದಾಣಕ್ಕೂ ಏಡ್ರಿಯಾಟಿಕ್ ಸಮುದ್ರಕ್ಕೂ ನಡುವಿನ ಒಂದು ಅಡ್ಡರಸ್ತೆಯ ಹೋಟೆಲಿನಲ್ಲಿ, ಕಳೆದ ವರ್ಷ ಸೆಪ್ಟೆಂಬರಿನಲ್ಲಿ ನಾನು ನಾಲ್ಕು ರಾತ್ರಿ ತಂಗಿದ್ದೆ. ಎರಡು ನಕ್ಷತ್ರದ, ಮೂರು ಮಹಡಿಯ ಹಳೆಯ ಕಟ್ಟಡ. ಕೋಣೆಯಲ್ಲಿ ಒಂದು ಮಂಚ, ಒಂದು ಬೀರು, ಗೋಡೆಯ ಮೇಲೆ ಬಣ್ಣ ಮಾಸಿದ ದೋಣಿಯ ಚಿತ್ರ. ಬಾಲ್ಕನಿಯಲ್ಲಿ ನಿಂತು ಸ್ವಲ್ಪ ಎಡಕ್ಕೆ ಬಾಗಿದರೆ, ಎದುರಿನ ಎರಡು ಹೋಟೆಲುಗಳ ಸಂದಿಯಲ್ಲಿ ಅಂಗೈ ಅಗಲದ ಸಮುದ್ರ. ಆಗಸ್ಟಿನ ಜನಜಾತ್ರೆ ಕರಗಿದ ಮೇಲೆ ಇಲ್ಲಿ ಬಾಡಿಗೆ ಅರ್ಧಕ್ಕೆ ಇಳಿಯುತ್ತದೆ. ಇಲಾಖೆಯ ಅನುಮತಿ ಪತ್ರ, ಮಂಜೂರಾದ ಗಳಿಕೆ ರಜೆ ಮತ್ತು ಉಳಿತಾಯದ ಹಣ, ಈ ಮೂರನ್ನೂ ಹೊಂದಿಸಿಕೊಂಡು ಯುರೋಪು ನೋಡಲು ಹೊರಟ ಸರ್ಕಾರಿ ನೌಕರನಿಗೆ ಸೆಪ್ಟೆಂಬರೇ ಸುಗ್ಗಿ.

ರಿಮಿನಿ ನನಗೆ ಅಲ್ಲಿಯವರೆಗೆ ಒಂದು ಹೆಸರಷ್ಟೇ ಆಗಿತ್ತು. ಡಾಂಟೆಯ ನರಕದಲ್ಲಿ ಬಿರುಗಾಳಿಗೆ ಸಿಕ್ಕು ಸುತ್ತುವ ಫ್ರಾಂಚೆಸ್ಕಾಳ ಊರು, ಲೀ ಹಂಟ್ 1816ರಲ್ಲಿ ಕಾವ್ಯವಾಗಿಸಿದ ಕಥೆಯ ಊರು ಎಂದು ಎಂ.ಎ. ತರಗತಿಯಲ್ಲಿ ಬರೆದುಕೊಂಡ ಟಿಪ್ಪಣಿ ನೆನಪಿತ್ತು. ನಿಜವಾದ ರಿಮಿನಿಯ ಪರಿಚಯವಾದದ್ದು ಹೋಟೆಲಿನ ಕೌಂಟರಿನಲ್ಲಿ.

ಎಪ್ಪತ್ತು ದಾಟಿದ ಒಡತಿ ನನ್ನ ಪಾಸ್‌ಪೋರ್ಟ್ ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರವನ್ನು ನಿಧಾನವಾಗಿ ಕಂಪ್ಯೂಟರಿಗೆ ಏರಿಸತೊಡಗಿದರು. ನಮ್ಮಲ್ಲಿಯೂ ವಿದೇಶೀಯರು ತಂಗಿದರೆ ಹೋಟೆಲಿನವರು ಫಾರ್ಮ್ ತುಂಬಿ ಕಳುಹಿಸಬೇಕು. ಇಟಲಿಯಲ್ಲಿ ಸ್ವದೇಶೀಯರಿಗೂ ವಿನಾಯಿತಿಯಿಲ್ಲ. ಪ್ರತಿಯೊಬ್ಬ ಅತಿಥಿಯ ವಿವರವೂ ಪೊಲೀಸರಿಗೆ ತಲುಪಬೇಕು. ಮುಸೊಲಿನಿಯ ಕಾಲದಲ್ಲಿ, 1931ರಲ್ಲಿ ಬಂದ ಸಾರ್ವಜನಿಕ ಭದ್ರತಾ ಕಾನೂನಿನ 109ನೆಯ ಕಲಮು ಇದಕ್ಕೆ ಆಧಾರ. ಸರ್ವಾಧಿಕಾರಿ ಹೋದ, ರಾಜನೂ ಹೋದ. ಕಲಮು ಮಾತ್ರ ತಿದ್ದುಪಡಿಗಳೊಂದಿಗೆ ಉಳಿದಿದೆ. ಕಡತಗಳ ನಡುವೆ ಬದುಕುವವನಿಗೆ ಇದು ಆಶ್ಚರ್ಯದ ಸಂಗತಿಯಲ್ಲ.

ಪಾಸ್‌ಪೋರ್ಟ್ ಹಿಂದಿರುಗಿಸುತ್ತಾ ಅವರು ಏನೋ ಕೇಳಿದರು. ಪಕ್ಕದಲ್ಲಿದ್ದ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು: “ಭಾರತದವರು ಅಲ್ಲವೇ, ನಿಮ್ಮವರ ಸಮಾಧಿಗಳನ್ನು ನೋಡಲು ಬಂದಿರಾ ಎಂದು ಅಜ್ಜಿ ಕೇಳುತ್ತಿದ್ದಾರೆ.”

ನನಗೆ ಅರ್ಥವಾಗಲಿಲ್ಲ. ರೋಮನ್ನರು ಕಟ್ಟಿದ ಸೇತುವೆ, ಆಗಸ್ಟಸ್‌ನ ಕಮಾನು, ಫೆಲಿನಿಯ ಊರು, ಇಷ್ಟೇ ನನ್ನ ಪಟ್ಟಿಯಲ್ಲಿದ್ದುದು. ನಮ್ಮವರ ಸಮಾಧಿ ಯಾವುದು? ಸಾನ್ ಮರೀನೊಗೆ ಹೋಗುವ ರಸ್ತೆಯಲ್ಲಿದೆ, ಬಸ್ಸು ಹೋಗುತ್ತದೆ, ಎಂದು ಅವರು ಕೈ ತೋರಿಸಿದರು.

ಆ ಸಮಾಧಿಗಳ ಕಥೆಗೂ ನಾನು ತಂಗಿದ್ದ ಹೋಟೆಲಿನ ಕಥೆಗೂ ಇರುವ ನಂಟು ಮುಂದಿನ ನಾಲ್ಕು ದಿನಗಳಲ್ಲಿ, ಊಟದ ಮೇಜಿನ ಬಳಿ, ತುಣುಕು ತುಣುಕಾಗಿ ತೆರೆದುಕೊಂಡಿತು.

ರಿಮಿನಿ ಹುಟ್ಟಿದ್ದು ಕ್ರಿ.ಪೂ. 268ರಲ್ಲಿ, ರೋಮನ್ ವಸಾಹತಾಗಿ. ಆದರೆ ಅದರ ಜನ ಸಮುದ್ರವನ್ನು ಮೀನಿಗಾಗಿ, ವ್ಯಾಪಾರಕ್ಕಾಗಿ ನೋಡಿದರೇ ಹೊರತು ಸುಖಕ್ಕಾಗಿ ನೋಡಿದವರಲ್ಲ. ಸಮುದ್ರಸ್ನಾನವೆಂಬುದು ಇಲ್ಲಿಗೆ ಬಂದದ್ದು ಔಷಧಿಯ ರೂಪದಲ್ಲಿ. 1843ರ ಜುಲೈನಲ್ಲಿ ಬಾಲ್ದಿನಿ ಮನೆತನದ ಇಬ್ಬರು ಕೌಂಟ್ ಸಹೋದರರು ಕ್ಲಾವ್ದಿಯೊ ತಿಂತೋರಿ ಎಂಬ ವೈದ್ಯನೊಡನೆ ಸೇರಿ ಮೊದಲ ಸ್ನಾನಗೃಹವನ್ನು ತೆರೆದರು. 1861ರಲ್ಲಿ ಬೊಲೊನ್ಯಾದಿಂದ ರೈಲು ಬಂತು. 1908ರಲ್ಲಿ ಬಿಳಿಯ ಗ್ರ್ಯಾಂಡ್ ಹೋಟೆಲ್ ಎದ್ದು ನಿಂತಿತು. ಅದು ಸಿರಿವಂತರ ಅರಮನೆ. 1920ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಫೆಡೆರಿಕೊ ಫೆಲಿನಿಗೆ ಅದು ಬೇಲಿಯಾಚೆಯಿಂದ ಕಂಡ ಕನಸು. ಅದೇ ಕನಸು ಮುಂದೆ 1973ರ ‘ಅಮರ್ಕಾರ್ಡ್’ ಚಿತ್ರವಾಯಿತು.

ಬಡವರಿಗೆ ಕಡಲನ್ನು ತೋರಿಸುವ ಕೆಲಸವನ್ನು ಫ್ಯಾಸಿಸ್ಟ್ ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. 1931ರಲ್ಲಿ ಅಗ್ಗದ ದರದ ‘ಜನತಾ ರೈಲು’ಗಳು ಓಡಿದವು. ಕಾರ್ಮಿಕರ ಮಕ್ಕಳಿಗಾಗಿ ಕರಾವಳಿಯುದ್ದಕ್ಕೂ ಹಡಗಿನಾಕಾರದ ಬೃಹತ್ ಬಿಡಾರಗಳು ಎದ್ದವು. ಮಕ್ಕಳು ಸಾಲಾಗಿ ನಿಂತು ವಂದನೆ ಸಲ್ಲಿಸಿ, ಸಾಲಾಗಿಯೇ ನೀರಿಗಿಳಿಯುತ್ತಿದ್ದರು. ಕಡಲು ಅವರಿಗೆ ದೊರೆತದ್ದು ನಿಜ. ಹಕ್ಕಾಗಿ ಅಲ್ಲ, ಕೃಪೆಯಾಗಿ.

ಆ ಕೃಪೆಯ ಬೆಲೆಯನ್ನು ಯುದ್ಧ ವಸೂಲು ಮಾಡಿತು. 1943ರ ನವೆಂಬರ್ 1ರಂದು ರಿಮಿನಿಯ ಮೇಲೆ ಮೊದಲ ಬಾಂಬುಗಳು ಬಿದ್ದವು. ಉತ್ತರಕ್ಕೆ ಹಿಂಜರಿದ ಜರ್ಮನ್ ಸೇನೆ ಇಟಲಿಯನ್ನು ಅಡ್ಡಲಾಗಿ ಸೀಳುವ ‘ಗಾಥಿಕ್ ರೇಖೆ’ಯನ್ನು ಬಲಪಡಿಸಿತ್ತು. ಅದರ ಪೂರ್ವ ತುದಿ ರಿಮಿನಿಯ ಸುತ್ತಲಿನ ಬೆಟ್ಟಸಾಲಿನಲ್ಲಿತ್ತು. 1944ರ ಆಗಸ್ಟ್ 16ರಂದು ಮೂವರು ತರುಣ ಪ್ರತಿರೋಧಕರನ್ನು ಊರ ನಡುವಿನ ಚೌಕದಲ್ಲಿ ಗಲ್ಲಿಗೇರಿಸಲಾಯಿತು. ಜೂಲಿಯಸ್ ಸೀಸರನ ಹೆಸರಿನಲ್ಲಿದ್ದ ಆ ಚೌಕಕ್ಕೆ ಈಗ ‘ಮೂವರು ಹುತಾತ್ಮರ ಚೌಕ’ ಎಂದು ಹೆಸರು. ಆಗಸ್ಟ್ 25ರಂದು ಬ್ರಿಟಿಷ್ ಎಂಟನೆಯ ಸೇನೆಯ ದಾಳಿ ಆರಂಭವಾಯಿತು. ಸೆಪ್ಟೆಂಬರ್ 21ರಂದು ಗ್ರೀಕ್ ಪರ್ವತ ದಳ ನಗರವನ್ನು ಪ್ರವೇಶಿಸಿದಾಗ, ಐದರಲ್ಲಿ ಸುಮಾರು ನಾಲ್ಕು ಪಾಲು ಕಟ್ಟಡಗಳು ನೆಲಸಮವಾಗಿದ್ದವು, ಇಲ್ಲವೇ ಜಖಂಗೊಂಡಿದ್ದವು. ಎರಡು ಸಾವಿರ ವರ್ಷ ಹಳೆಯ ತಿಬೇರಿಯಸ್ ಸೇತುವೆ ಮಾತ್ರ ಹೇಗೋ ಉಳಿದುಕೊಂಡಿತ್ತು.

ಒಡತಿಯ ಅಜ್ಜ ಕೊರಿಯಾನೊ ಬೆಟ್ಟದ ಕಡೆಯ ಪಾಲುಗಾರ ರೈತ. ಬೆಳೆದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ತನಗೆ ಎಂಬ ಕರಾರಿನ ಆ ಪದ್ಧತಿಗೆ ಇಟಲಿಯಲ್ಲಿ ‘ಮೆದ್ಜಾದ್ರಿಯಾ’ ಎನ್ನುತ್ತಾರೆ. ನಮ್ಮ ಕೋರು ಬೇಸಾಯದ ಅಣ್ಣ. ಕದನ ಬೆಟ್ಟವನ್ನು ತಲುಪಿದಾಗ ಅವರ ಕುಟುಂಬ ಎತ್ತುಗಳನ್ನು ಬಿಟ್ಟು, ತಟಸ್ಥ ರಾಷ್ಟ್ರವಾಗಿದ್ದ ಸಾನ್ ಮರೀನೊಗೆ ಓಡಿತು. ಆ ಪುಟ್ಟ ಗಣರಾಜ್ಯ ಅಂದು ಸುಮಾರು ಒಂದು ಲಕ್ಷ ನಿರಾಶ್ರಿತರಿಗೆ ನೆಲೆ ಕೊಟ್ಟಿತ್ತು. ಅನೇಕರು ರೈಲಿನ ಸುರಂಗಗಳಲ್ಲಿ ಮಲಗುತ್ತಿದ್ದರು. ಅಲ್ಲಿಗೂ ಯುದ್ಧ ಬಂತು. ಸೆಪ್ಟೆಂಬರ್ ಮೂರನೆಯ ವಾರ ಸಾನ್ ಮರೀನೊದಿಂದ ಜರ್ಮನ್ನರನ್ನು ಹೊರದೂಡಿದ್ದು ನಾಲ್ಕನೆಯ ಭಾರತೀಯ ವಿಭಾಗ. ಒಡತಿಯ ತಾಯಿ ಆಗ ಹದಿನಾರರ ಹುಡುಗಿ. ಸುರಂಗದ ಬಾಯಿಯಲ್ಲಿ ನಿಂತು ಆಕೆ ಕಂಡ ಮೊದಲ ‘ವಿಮೋಚಕ’ನ ಮುಖ ಬಿಳಿಯದಾಗಿರಲಿಲ್ಲ. ಆತ ಕೊಟ್ಟ ಬಿಸ್ಕತ್ತಿನ ಡಬ್ಬಿ ಬಹಳ ವರ್ಷ ಮನೆಯಲ್ಲಿ ಗುಂಡಿ, ಸೂಜಿಗಳನ್ನು ಇಡಲು ಬಳಕೆಯಲ್ಲಿತ್ತಂತೆ.

ಯುದ್ಧ ಮುಗಿದ ಮೇಲೆ ಹೊಲದಲ್ಲಿ ನೆಲಬಾಂಬು, ಊರಲ್ಲಿ ಕಲ್ಲುರಾಶಿ. ನನ್ನ ಹೋಟೆಲಿನಂಥವು ಹುಟ್ಟಿದ್ದು ಈ ಬರಿಗೈಯಿಂದ. ಬೆಟ್ಟದ ಪಾಲುಗಾರರು ಕಡಲ ಕಡೆಗೆ ಇಳಿದರು. ಪ್ರಾಮಿಸರಿ ನೋಟು ಬರೆದುಕೊಟ್ಟು ಸಾಲದಲ್ಲಿ ಇಟ್ಟಿಗೆ ತಂದು, ಚಳಿಗಾಲದಲ್ಲಿ ತಾವೇ ಗೋಡೆ ಎಬ್ಬಿಸಿದರು. ಬೇಸಿಗೆ ಬಂದೊಡನೆ ಮನೆಯ ಕೋಣೆಗಳನ್ನೆಲ್ಲ ಅತಿಥಿಗಳಿಗೆ ಬಿಟ್ಟು, ತಾವು ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಮಲಗಿದರು. ಇದಕ್ಕೆ ‘ಪೆನ್ಸಿಯೋನೆ’ ಎಂದು ಹೆಸರು. ಮಲಗಲು ಹಾಸಿಗೆ, ಮೂರು ಹೊತ್ತಿನ ಊಟ, ಒಂದೇ ದರ. ಅಡುಗೆ ಮನೆಯ ಹೆಂಗಸರದು, ಬಡಿಸುವುದು ಮಕ್ಕಳದು, ಲೆಕ್ಕ ಅಜ್ಜಿಯದು. ಅತಿಥಿ ಪೂರ್ತಿ ಕುಡಿಯದ ವೈನ್ ಬಾಟಲಿಯ ಮೇಲೆ ಕೋಣೆಯ ಸಂಖ್ಯೆ ಬರೆದು ಮುಂದಿನ ಊಟಕ್ಕೆ ತೆಗೆದಿಡುತ್ತಿದ್ದರು. ಮುಂಬಯಿಯಲ್ಲಿ ಉಡುಪಿ ಹೋಟೆಲು ಕಟ್ಟಿದ ನಮ್ಮವರು ಅಂಗಡಿಯ ಬೆಂಚಿನ ಮೇಲೇ ಮಲಗಿ ಬೆಳೆದ ಕಥೆಯನ್ನು ಕೇಳಿದವರಿಗೆ ಈ ಚಿತ್ರ ಅಪರಿಚಿತವಾಗಲಾರದು.

ಬಂದ ಅತಿಥಿಗಳಾದರೂ ಯಾರು? ಮಿಲಾನ್, ತುರಿನ್‌ಗಳ ಕಾರ್ಖಾನೆಗಳ ಕಾರ್ಮಿಕರು, ಗುಮಾಸ್ತರು, ಶಾಲಾ ಶಿಕ್ಷಕರು. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನ ತನ್ನ 36ನೆಯ ವಿಧಿಯಲ್ಲಿ, ದುಡಿಯುವವನಿಗೆ ಸಂಬಳ ಸಹಿತ ವಾರ್ಷಿಕ ರಜೆಯ ಹಕ್ಕಿದೆ, ಅದನ್ನು ಅವನು ತಾನಾಗಿ ಬಿಟ್ಟುಕೊಡುವಂತೆಯೂ ಇಲ್ಲ, ಎಂದು ಬರೆಯಿತು. ಸರ್ವಾಧಿಕಾರಿಯ ಕೃಪೆಯಾಗಿದ್ದ ಕಡಲು ಈಗ ಹಕ್ಕಾಯಿತು. ಆ ಹಕ್ಕಿಗೆ ಮಂಚ ಹಾಕಿ, ಊಟ ಬಡಿಸಿದವರು ನೆಲ ಕಳೆದುಕೊಂಡ ಈ ರೈತ ಹೆಂಗಸರು. 1983ರ ಪ್ರವಾಸೋದ್ಯಮ ಕಾನೂನು ಪೆನ್ಸಿಯೋನೆಗಳನ್ನೂ ನಕ್ಷತ್ರಗಳ ಲೆಕ್ಕಕ್ಕೆ ತಂದಿತು; 1989ರ ಬೇಸಿಗೆಯಲ್ಲಿ ಲೋಳೆಯಂಥ ಪಾಚಿ ಸಮುದ್ರವನ್ನು ಮುಚ್ಚಿ ಬಹಳ ಜನರ ಬೆನ್ನು ಮುರಿಯಿತು. ಆದರೂ ಇಂದಿಗೂ ರಿಮಿನಿಯಲ್ಲಿ ಸಾವಿರಕ್ಕೂ ಮಿಕ್ಕಿ ಹೋಟೆಲುಗಳಿವೆ.

ಐವತ್ತರ ದಶಕದ ನಡುವಿನಿಂದ ಜರ್ಮನ್ನರೂ ಬಂದರು, ಈ ಸಲ ಹೆಂಡತಿ ಮಕ್ಕಳೊಡನೆ, ಕೈಯಲ್ಲಿ ಮಾರ್ಕುಗಳನ್ನು ಹಿಡಿದು. ಒಡತಿಗೆ ಬಾಲ್ಯದ ಒಂದು ನೆನಪಿದೆ. ಪ್ರತಿ ವರ್ಷ ಜುಲೈ ಎರಡನೆಯ ವಾರ ಬರುತ್ತಿದ್ದ ಒಬ್ಬಾತ ಊಟವಾದ ಮೇಲೆ ಒಬ್ಬನೇ ಬಾಗಿಲಲ್ಲಿ ನಿಂತು ಬೆಟ್ಟಗಳ ಕಡೆ ನೋಡುತ್ತಿದ್ದ. ಸಮುದ್ರಕ್ಕೆ ಬಂದವರು ಬೆಟ್ಟ ನೋಡುವುದು ಅಪರೂಪ. 1944ರ ಸೆಪ್ಟೆಂಬರಿನಲ್ಲಿ ನೀನೆಲ್ಲಿದ್ದೆ ಎಂದು ತಾಯಿ ಅವನನ್ನು ಎಂದೂ ಕೇಳಲಿಲ್ಲ. ಕೇಳದೆಯೇ ಹದಿನೆಂಟು ಬೇಸಿಗೆ ಅವನಿಗೆ ಬಡಿಸಿದರು. “ಅದು ಕ್ಷಮೆಯೇ?” ಎಂದು ನಾನು ಕೇಳಿದೆ. ಮೊಮ್ಮಗಳು ಅನುವಾದಿಸಿದಳು. ಒಡತಿ ಸ್ವಲ್ಪ ಯೋಚಿಸಿ, “ಗೊತ್ತಿಲ್ಲ. ಅತಿಥಿ ಅಲ್ಲವೇ” ಎಂದರು.

ಮೂರನೆಯ ದಿನ ಬೆಳಿಗ್ಗೆ ಸಾನ್ ಮರೀನೊ ಬಸ್ಸು ಹತ್ತಿದೆ. ಹಂದಿಯ ಕೊಬ್ಬು ಹಾಕದೆ, ಆಲಿವ್ ಎಣ್ಣೆಯಲ್ಲೇ ಕಲಸಿ ಸುಟ್ಟ ಎರಡು ‘ಪಿಯಾದಾ’ ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಊರು ದಾಟುತ್ತಿದ್ದಂತೆ ರಸ್ತೆ ಬದಿಯಲ್ಲಿ ‘ರಿಮಿನಿ ಗೂರ್ಖಾ ಯುದ್ಧ ಸಮಾಧಿ’. ಒಪ್ಪವಾಗಿ ಕತ್ತರಿಸಿದ ಹುಲ್ಲು, ಸಾಲು ಸಾಲು ಬಿಳಿಯ ಕಲ್ಲುಗಳು. ಆರು ನೂರಕ್ಕೂ ಹೆಚ್ಚು ಮಂದಿ ಇಲ್ಲಿದ್ದಾರೆ. ದಹನ ಸಂಸ್ಕಾರ ಪಡೆದವರಿಗಾಗಿ ಹೆಸರು ಕೆತ್ತಿದ ಪ್ರತ್ಯೇಕ ಸ್ಮಾರಕವಿದೆ. ಹೆಚ್ಚಿನವರು ನೇಪಾಳದ ಬೆಟ್ಟಗಳಿಂದ ಬಂದವರು. ಸಾನ್ ಮರೀನೊದಲ್ಲಿ ಸೆಪ್ಟೆಂಬರ್ 18ರ ರಾತ್ರಿ ಮೆಷಿನ್‌ಗನ್ನುಗಳ ಎದುರು ಒಂಟಿಯಾಗಿ ನಿಂತು, ಗಾಯಗೊಂಡ ಇಬ್ಬರನ್ನು ಕಾಪಾಡಿ ಗುಂಡಿಗೆ ಬಲಿಯಾದ 22ರ ಶೇರ್ ಬಹಾದುರ್ ಥಾಪಾ, ಮರಣಾನಂತರ ವಿಕ್ಟೋರಿಯಾ ಕ್ರಾಸ್ ಪಡೆದವನು, ಇಲ್ಲಿಯೇ ಮಲಗಿದ್ದಾನೆ.

ಇಟಲಿಯ ರಣರಂಗದಲ್ಲಿ ಸುಮಾರು 50,000 ಭಾರತೀಯ ಸೈನಿಕರು ಹೋರಾಡಿದರು. 5,700ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಈ ನಾಲ್ಕನೆಯ ವಿಭಾಗದ ಎಂಜಿನಿಯರ್ ತುಕಡಿಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡದ ಮದ್ರಾಸ್ ಸ್ಯಾಪರ್ಸ್‌ನ 12ನೆಯ ಫೀಲ್ಡ್ ಕಂಪನಿಯೂ ಇತ್ತು, ಪುಣೆಯ ಖಡಕಿಯ ಬಾಂಬೆ ಸ್ಯಾಪರ್ಸ್‌ನ 21ನೆಯ ಕಂಪನಿಯೂ ಇತ್ತು. ನೆಲಬಾಂಬು ಕೀಳುವುದು, ಕೆಸರಿನಲ್ಲಿ ದಾರಿ ಮಾಡುವುದು, ಮುರಿದ ಸೇತುವೆಯ ಜಾಗದಲ್ಲಿ ಸೇತುವೆ ಹಾಕುವುದು ಇಂಥವರ ಕೆಲಸ. ಮುಂದಿನ ವಸಂತದಲ್ಲಿ, ಇಲ್ಲಿಂದ ವಾಯವ್ಯಕ್ಕಿರುವ ಸೆನಿಯೊ ನದಿಯನ್ನು ದಾಟಿದವರಲ್ಲಿ ಬೆಳಗಾವಿಯಲ್ಲಿ ಕೇಂದ್ರವಿದ್ದ ಮರಾಠಾ ಪದಾತಿ ದಳದವರೂ ಇದ್ದರು.

ಇವರನ್ನು ನಾವು ಮರೆತದ್ದಕ್ಕೆ ಕಾರಣವಿಲ್ಲದಿಲ್ಲ. ಈ ಬೆಟ್ಟಗಳಲ್ಲಿ ಕದನ ನಡೆಯುವುದಕ್ಕೆ ಒಂದೂವರೆ ವರ್ಷ ಮೊದಲು, ಸ್ವಾತಂತ್ರ್ಯ ಘೋಷಿಸಿಕೊಂಡ ಈಸೂರಿನ ಐವರು ಗಲ್ಲಿಗೇರಿದ್ದರು. ಅವರನ್ನು ಗಲ್ಲಿಗೇರಿಸಿದ ಕಾಲದ ಚಕ್ರಾಧಿಪತ್ಯದ ಸಮವಸ್ತ್ರವನ್ನೇ ಇವರು ತೊಟ್ಟಿದ್ದರು. ಹಾಗಾಗಿ ನಮ್ಮ ಪಠ್ಯಪುಸ್ತಕ ಈಸೂರನ್ನು ಇಟ್ಟುಕೊಂಡಿತು, ಇವರನ್ನು ಬಿಟ್ಟಿತು. ಈಸೂರಿನ ಸ್ಥಾನ ಪ್ರಶ್ನಾತೀತ. ಆದರೆ ಹಸಿವಿಗೋ ಮನೆತನದ ಪದ್ಧತಿಗೋ ಸೈನ್ಯ ಸೇರಿ, ತಾನು ಹೆಸರೂ ಕೇಳದ ಊರಿನಲ್ಲಿ, ತನಗಿಲ್ಲದ ಸ್ವಾತಂತ್ರ್ಯವನ್ನು ಬೇರೆಯವರಿಗೆ ತಂದುಕೊಟ್ಟು ಸತ್ತ ಇಪ್ಪತ್ತೆರಡರ ಹುಡುಗನಿಗೆ ಯಾವ ಪುಸ್ತಕದಲ್ಲಿ ಜಾಗ? ಅವನನ್ನು ನೆನಪಿಟ್ಟುಕೊಂಡಿದ್ದು ಎರಡು ನಕ್ಷತ್ರದ ಹೋಟೆಲಿನ ಒಡತಿ.

ಸಮಾಧಿ ಸ್ಥಳದಲ್ಲಿ ಸಂದರ್ಶಕರ ಪುಸ್ತಕವೊಂದಿತ್ತು. ತಾರೀಖು, ಹೆಸರು, ಊರು ಎಂದು ಕಲಮುಗಳು. ಊರು ಎಂಬಲ್ಲಿ ಹೊರನಾಡಿನ ಕನ್ನಡಿಗನಿಗೆ ಸದಾ ಒಂದು ಕ್ಷಣ ಲೇಖನಿ ತಡೆಯುತ್ತದೆ. ‘ಪುಣೆ’ ಎಂದು ಬರೆದೆ. ಬರೆದೊಡನೆ ಬೇರೊಂದು ನೆನಪಾಗಿ ಮುಜುಗರವಾಯಿತು. ಖಡಕಿಯಲ್ಲಿಯೂ ಇಂಥದೇ ಸಮಾಧಿ ಸ್ಥಳವಿದೆ. ಇದೇ ಹುಲ್ಲು, ಇದೇ ಅಳತೆಯ ಕಲ್ಲು, ನೋಡಿಕೊಳ್ಳುವುದೂ ಇದೇ ಕಾಮನ್‌ವೆಲ್ತ್ ಆಯೋಗ. ಚೆನ್ನೈನ ನಂದಂಬಾಕ್ಕಂನಲ್ಲಿ, ದೆಹಲಿಯ ಕಂಟೋನ್ಮೆಂಟಿನಲ್ಲಿ ಇರುವ ಬಳಗದ ಗೆಳೆಯರೂ ಅಂಥ ಬೇಲಿಯನ್ನು ಕಂಡಿರುತ್ತಾರೆ. ಹನ್ನೆರಡು ವರ್ಷ ಅದರ ಮುಂದೆ ಓಡಾಡಿಯೂ ನಾನು ಒಳಗೆ ಹೋದವನಲ್ಲ. ಯಾರೋ ಬ್ರಿಟಿಷರು, ನಮಗೇನು ಎಂಬ ಭಾವ.

ಹೊರಡುವ ದಿನ ಬಾಡಿಗೆ, ನಗರ ತೆರಿಗೆ ಎಲ್ಲ ಚುಕ್ತಾ ಮಾಡಿದೆ. ರೊಟ್ಟಿಯ ಹಣವನ್ನು ಮಾತ್ರ ಒಡತಿ ತೆಗೆದುಕೊಳ್ಳಲಿಲ್ಲ.

ಪುಣೆಗೆ ಮರಳಿದ ಮೊದಲ ಭಾನುವಾರ ಖಡಕಿಗೆ ಹೋದೆ. ಮಾಲಿ ಹುಲ್ಲಿಗೆ ನೀರು ಬಿಡುತ್ತಿದ್ದ. ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದ. ಇಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಅವನು ನೀರಿನ ಪೈಪನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ. ಮೊದಲ ಸಾಲಿನಿಂದ ಹೆಸರುಗಳನ್ನು ಓದುತ್ತಾ ಹೋದೆ.