ಹಲ್ಲಿನ ಅಚ್ಚು: ಮೇಣದಿಂದ ಬೆಳಕಿನವರೆಗೆ

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರನ್ನು ಕೇಳಿ ನೋಡಿ. ಬಾಯಿಗೆ ಹಿಟ್ಟಿನಂಥ ವಸ್ತು ತುಂಬಿದ ಟ್ರೇ ಇಟ್ಟು ಅಚ್ಚು ತೆಗೆದದ್ದನ್ನು ಅನೇಕರು ಮರೆತಿರುವುದಿಲ್ಲ. ಆ ವಸ್ತು ಹಿಂದಕ್ಕೆ ಜಾರಿ ಮೃದು ಅಂಗುಳಕ್ಕೆ ತಾಗಿದರೆ ವಾಕರಿಕೆ ಬರುತ್ತದೆ. ಗಂಟಲನ್ನು ಕಾಯುವ ಈ ಅನೈಚ್ಛಿಕ ಕ್ರಿಯೆಯನ್ನು ತಡೆಯುವುದು ಕಷ್ಟ. ಹಾಗಾದರೆ ಅಚ್ಚಿನ ಚರಿತ್ರೆಯಲ್ಲಿ ರೋಗಿಯ ಅನುಭವಕ್ಕೆ ಎಷ್ಟು ಸ್ಥಾನವಿತ್ತು?

1756ರಲ್ಲಿ ಬರ್ಲಿನ್‌ನ ಫಿಲಿಪ್ ಪ್ಫಾಫ್ ಮೇಣದ ಅಚ್ಚಿನಲ್ಲಿ ಪ್ಲಾಸ್ಟರ್ ಎರೆಯುವ ವಿಧಾನವನ್ನು ವಿವರಿಸಿದ. ಮೇಣವನ್ನು ಹೊರತೆಗೆಯುವಾಗ ಆಕಾರ ಕೆಡುತ್ತಿತ್ತು. 19ನೆಯ ಶತಮಾನದಲ್ಲಿ ಪ್ಲಾಸ್ಟರನ್ನೇ ಬಾಯಿಗೆ ಹಾಕಿದರು. ಅಚ್ಚು ನಿಖರವಾಯಿತು, ಆದರೆ ಹಲ್ಲುಗಳ ಸಂದಿನಲ್ಲಿ ಗಟ್ಟಿಯಾದ ಪ್ಲಾಸ್ಟರನ್ನು ಬಾಯೊಳಗೇ ಮುರಿದು, ಚೂರುಗಳನ್ನು ಹೊರಗೆ ಜೋಡಿಸಬೇಕಾಗುತ್ತಿತ್ತು!

1920ರ ದಶಕದಲ್ಲಿ ಬಾಗಬಲ್ಲ ಅಗರ್ ಬಳಕೆಗೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಅಗರ್ ಪೂರೈಕೆ ನಿಂತಾಗ, ಕಂದು ಕಡಲಕಳೆಯಿಂದ ಪಡೆದ ಆಲ್ಜಿನೇಟ್ ಅದರ ಸ್ಥಾನ ಪಡೆಯಿತು. ಇದರಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಆಲ್ಜಿನೇಟ್ ಕ್ಯಾಲ್ಸಿಯಂ ಸಲ್ಫೇಟ್‌ನೊಂದಿಗೆ ವರ್ತಿಸಿ, ಕೆಲವೇ ನಿಮಿಷಗಳಲ್ಲಿ ಜೆಲ್ ಆಗುತ್ತದೆ. 1960ರ ದಶಕದಲ್ಲಿ ಬಂದ ಪಾಲಿಈಥರ್ ಇನ್ನೂ ನಿಖರ. ಆದರೆ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು.

1973ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಡ್ಯುರೆ ತನ್ನ ಪ್ರಬಂಧದಲ್ಲಿ ಬೆಳಕಿನಿಂದಲೇ ಅಚ್ಚು ಪಡೆಯುವ ವಿಚಾರ ಮಂಡಿಸಿದ. 1985ರಲ್ಲಿ ಜ್ಯೂರಿಕ್‌ನಲ್ಲಿ ವರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ರೂಪಿಸಿದ ಸೆರೆಕ್ ಯಂತ್ರ ಮೊದಲ ರೋಗಿಗೆ ಬಳಕೆಯಾಯಿತು. ಇಲ್ಲಿ ಕ್ಯಾಮೆರಾ ಹಲ್ಲಿನ ಮೇಲ್ಮೈಯನ್ನು ಅಳೆಯುತ್ತದೆ. ಕಂಪ್ಯೂಟರ್ ಅದರ ಮೂರು ಆಯಾಮದ ಚಿತ್ರ ಕಟ್ಟುತ್ತದೆ.

ಬಾಯಿಗೆ ಏನನ್ನೂ ತುಂಬದ ವಿಧಾನವನ್ನೇ ಎಲ್ಲರೂ ಮೆಚ್ಚುತ್ತಾರೆಂದು ನಿಮಗೆ ಅನಿಸಬಹುದು. 2014ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳನ್ನು ನೋಡಿ. ಟರ್ಕಿಯಲ್ಲಿ 24 ಜನರ ಮೇಲೆ ಪಾಲಿಈಥರ್ ಮತ್ತು ಸ್ಕ್ಯಾನರ್‌ಗಳನ್ನು ಹೋಲಿಸಿದಾಗ ಸ್ಕ್ಯಾನರೇ ಬೇಗ ಮುಗಿಯಿತು. ಮೆಚ್ಚುಗೆಯೂ ಅದಕ್ಕೇ ಸಿಕ್ಕಿತು. ಅಮೆರಿಕದಲ್ಲಿ 15 ರೋಗಿಗಳ ಮೇಲೆ ಬೇರೊಂದು ಸ್ಕ್ಯಾನರನ್ನು ಆಲ್ಜಿನೇಟ್‌ನೊಂದಿಗೆ ಹೋಲಿಸಿದಾಗ ಸ್ಕ್ಯಾನಿಂಗ್ ನಿಧಾನವಾಯಿತು. ಅದು ಹಿತಕರವೆಂದವರು ಕೆಲವರು. ಹೆಚ್ಚಿನವರು ಸುಲಭ, ಬೇಗ ಮುಗಿಯುತ್ತದೆಂದು ಆಲ್ಜಿನೇಟನ್ನೇ ಆರಿಸಿದರು.

ಇವು ಪರಸ್ಪರ ವಿರುದ್ಧವೇ? ಅಲ್ಲ. ಹೋಲಿಸಿದ ವಸ್ತುಗಳೂ ಯಂತ್ರಗಳೂ ಬೇರೆ. ಬಾಯಿ ತೆರೆದು ಕುಳಿತವರಿಗೆ ಒಂದೊಂದು ನಿಮಿಷವೂ ಲೆಕ್ಕವೇ. 'ಹೊಸದು ಹಿತಕರ' ಎಂಬ ಮಾತು ಕೇಳಿದಾಗ, ಯಾವುದಕ್ಕಿಂತ, ಎಷ್ಟು ಹೊತ್ತು ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಲಿ. ಅಚ್ಚಿನ ನಿಖರತೆಯ ಜೊತೆಗೆ ರೋಗಿಯ ಅನುಭವವೂ ಅಳೆಯಬೇಕಾದ ಸಂಗತಿಯೇ.